ಈ ದುಡುಕು ನನ್ನದೋ, ಮಾತ್ರೆಯದೋ?

ಪ್ರಶ್ನೆ: ನನಗೆ 34 ವರ್ಷ. ಖಿನ್ನತೆಗೆಂದು ಐದು ತಿಂಗಳಿಂದ ಎಸಿಟಾಲೊಪ್ರಾಮ್ ತೆಗೆದುಕೊಳ್ಳುತ್ತಿದ್ದೇನೆ. ಮೂರು ವಾರದ ಹಿಂದೆ ಡೋಸ್ 10ರಿಂದ 20 ಮಿಲಿಗ್ರಾಂಗೆ ಏರಿತು. ಅಲ್ಲಿಂದೀಚೆಗೆ ನಾಲ್ಕು ತಾಸು ಮಲಗಿದರೂ ಸಾಕೆನಿಸುತ್ತದೆ. ನಡುರಾತ್ರಿ ಕೂತು ಬೇಡದ್ದನ್ನೆಲ್ಲ ಆರ್ಡರ್ ಮಾಡುತ್ತೇನೆ. ಮೊನ್ನೆ ರಾಜೀನಾಮೆ ಬರೆದು ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. ಚುರುಕಾಗಿದ್ದೀಯ ಎಂದು ಮನೆಯವರಿಗೆ ಖುಷಿ. ನನಗೆ ಭಯ. ನನ್ನ ನಿಜವಾದ ಸ್ವಭಾವವೇ ಇದಾ? ಮಾತ್ರೆ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ. ಅದು ಇರುವಾಗಲೇ, ಇವತ್ತೇ, ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ. ಮುಂದಿನ ಭೇಟಿಯ ತನಕ ಕಾಯಬೇಡಿ. ಈ ಸ್ಥಿತಿ ಏರುತ್ತಾ ಹೋದರೆ ಮೊದಲು ಕರಗುವುದು ಆ ಭಯವೇ. ‘ಚೆನ್ನಾಗಿಯೇ ಇದ್ದೇನಲ್ಲ, ಡಾಕ್ಟರ್ ಯಾಕೆ’ ಎನಿಸತೊಡಗುತ್ತದೆ.

ನಿಮ್ಮ ಪತ್ರದಲ್ಲಿ ಖರ್ಚಿಗಿಂತ ಮುಖ್ಯವಾದದ್ದು ನಿದ್ದೆ. ನಿದ್ದೆ ಬಾರದೆ ಹೊರಳಾಡಿ ಬೆಳಿಗ್ಗೆ ಸುಸ್ತಾಗುವುದು ಬೇರೆ, ನಾಲ್ಕೇ ತಾಸಿಗೆ ಎದ್ದು ದಿನವಿಡೀ ದಣಿವಿಲ್ಲದೆ ಓಡಾಡುವುದು ಬೇರೆ. ಎರಡನೆಯದು ನಾಲ್ಕು ದಿನವಾದರೂ ನಡೆದು, ಜೊತೆಗೆ ಮಾತು, ಖರ್ಚು, ಸಿಟ್ಟು ಏರಿದ್ದರೆ ವೈದ್ಯರು ಹೈಪೋಮೇನಿಯಾ, ಅಂದರೆ ಹುರುಪು ಮಿತಿಮೀರಿ ಏರಿದ ಸ್ಥಿತಿ, ಇರಬಹುದೇ ಎಂದು ನೋಡುತ್ತಾರೆ. ಬರೀ ಖಿನ್ನತೆ ಎಂದುಕೊಂಡದ್ದು ಕೆಲವರಲ್ಲಿ ಬೈಪೋಲಾರ್ ಕಾಯಿಲೆಯ ಒಂದು ಮುಖವಾಗಿರುತ್ತದೆ, ಅತಿ ಹುರುಪಿನ ಇನ್ನೊಂದು ಮುಖ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವಾಗ ಹೊರಬರಬಹುದು. ನಿಮಗೆ ಅದೇ ಆಗಿದೆ ಎಂದು ಪತ್ರ ನೋಡಿ ಹೇಳುವಂತಿಲ್ಲ. ಡೋಸ್ ಏರಿದ ಮೊದಲ ವಾರಗಳಲ್ಲಿ ಬರೀ ಚಡಪಡಿಕೆ, ದುಡುಕು ಬಂದು, ಡೋಸ್ ಇಳಿಸಿದರೆ ತಗ್ಗುವುದೂ ಉಂಟು. ಕೂತಲ್ಲಿ ಕೂರಲಾಗದೆ ಕಾಲು ಆಡಿಸುತ್ತಲೇ ಇರಬೇಕೆನಿಸುತ್ತಿದ್ದರೆ ಅದು ಅಕಥೀಸಿಯಾ ಎಂಬ ಅಡ್ಡಪರಿಣಾಮ ಇರಬಹುದು, ಅದನ್ನೂ ಹೇಳಿ.

ಮಾತ್ರೆಯನ್ನು ನೀವಾಗಿ ಬಿಡಬೇಡಿ. ಥಟ್ಟನೆ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಕಿರಿಕಿರಿ ಶುರುವಾಗಬಹುದು. ಆಗ ಯಾವುದು ಯಾವುದರಿಂದ ಎಂದು ವೈದ್ಯರಿಗೂ ತಿಳಿಯುವುದು ಕಷ್ಟ. ಇಳಿಸುವುದಾಗಲಿ, ಬದಲಿಸುವುದಾಗಲಿ, ಕೂಡಲೇ ನಿಲ್ಲಿಸುವುದಾಗಲಿ, ಅವರೇ ಹೇಳಲಿ. ಕೂಡಲೇ ನಿಲ್ಲಿಸಬೇಕಾದ ಸಂದರ್ಭವೂ ಇರುತ್ತದೆ, ಫೋನ್ ಇವತ್ತೇ ಆಗಬೇಕು ಎನ್ನುವುದು ಅದಕ್ಕೇ.

ಫೋನಿನಲ್ಲಿ ‘ಸ್ವಲ್ಪ ಜಾಸ್ತಿ ಚುರುಕಾಗಿದ್ದೇನೆ’ ಎಂದರೆ ಔಷಧ ಹಿಡಿಸಿತು ಎಂದುಕೊಂಡಾರು. ಹೀಗೆ ಹೇಳಿ: ‘ಡೋಸ್ ಏರಿಸಿದ್ದು ಇಂಥ ತಾರೀಕು. ಅಂದಿನಿಂದ ನಿದ್ದೆ ನಾಲ್ಕೇ ತಾಸು, ದಣಿವಿಲ್ಲ. ರಾತ್ರಿ ಇಷ್ಟು ಆರ್ಡರ್ ಮಾಡಿದೆ. ರಾಜೀನಾಮೆ ಕಳಿಸುವುದರಲ್ಲಿದ್ದೆ.’ ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇದ್ದರೆ ಹೇಳಿ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಜೊತೆಗೆ ಅರಿಪಿಪ್ರಜೋಲ್ ಎಂಬ ಮಾತ್ರೆ ಸೇರಿಸಿದ್ದರೆ ತಪ್ಪದೆ ಹೇಳಿ, ಅದರಿಂದಲೇ ಕೆಲವರಿಗೆ ಖರೀದಿಯ, ಜೂಜಿನ ತಡೆಯಲಾಗದ ಹಂಬಲ ಹತ್ತುತ್ತದೆ. ಭೇಟಿಗೆ ಅಕ್ಕನನ್ನು ಕರೆದೊಯ್ಯಿರಿ, ನಿಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಅಲ್ಲಿಯವರೆಗೆ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ, ಕಾರ್ಡ್ ಅಕ್ಕನ ಬಳಿಯಿರಲಿ. ರಾತ್ರಿ ಹತ್ತರ ಮೇಲೆ ಫೋನ್ ಅವರ ಕೋಣೆಯಲ್ಲಿ ಮಲಗಲಿ. ಬಿಚ್ಚದ ಪೊಟ್ಟಣಗಳನ್ನು ವಾಪಸ್ ಮಾಡಿ. ಮದ್ಯ ಬೇಡವೇ ಬೇಡ, ಮಧ್ಯಾಹ್ನದ ಮೇಲೆ ಕಾಫಿಯೂ ಬೇಡ. ದಿನವೂ ಒಂದು ಸಾಲು: ಮಲಗಿದ್ದು, ಎದ್ದದ್ದು, ಖರ್ಚು, ಜಗಳ.

ಸಾಯುವ ಯೋಚನೆ ಸುಳಿದರೆ, ಇಲ್ಲದ ಧ್ವನಿ ಕೇಳಿಸಿದರೆ, ರಾತ್ರಿಯಿಡೀ ನಿದ್ದೆಯೇ ಇಲ್ಲವಾದರೆ ಫೋನಿಗೂ ಕಾಯದೆ ಅಕ್ಕನೊಡನೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇನ್ನು ನಿಮ್ಮ ಸ್ವಭಾವದ ಮಾತು. ಕೆಲಸ ಬಿಡುವ ಆಸೆ ನಿಮ್ಮದೇ ಇದ್ದೀತು, ನಡುರಾತ್ರಿ ಕಳಿಸಿಬಿಡುವ ಆತುರ ಮಾತ್ರೆಯದಿರಬಹುದು. ಆ ರಾಜೀನಾಮೆ ಪತ್ರವನ್ನು ಅಳಿಸಬೇಡಿ. ಅಕ್ಕನ ಬಳಿ ಇರಲಿ. ನಿದ್ದೆ ಮೊದಲಿನಂತಾಗಿ ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತೆಗೆದು ಓದಿ.