ಸೊಸೆ ಕೇಳಿದ ಪ್ರಶ್ನೆ, ಮಾವ ಕೇಳಿದ ಪದಕೋಶ

ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗ ಅಮೆರಿಕದಲ್ಲಿದ್ದಾರೆ. ಸೊಸೆ ಅಲ್ಲೇ ಹುಟ್ಟಿ ಬೆಳೆದವಳು, ಹಿಂದೂ ಮನೆತನದವಳಲ್ಲ. ಹೊಸ ಮನೆಯ ಸತ್ಯನಾರಾಯಣ ಪೂಜೆಗೆ ಗಂಡನ ಪಕ್ಕ ಕೂತಳಂತೆ. ಪೂಜೆ ಮುಗಿದದ್ದೇ ತಡ, ಸಂಕಲ್ಪ ಅಂದ್ರೇನು, ಗೋತ್ರ ಅಂದ್ರೇನು, ಅರ್ಘ್ಯ ಯಾಕೆ ಎಂದು ಮಾವನನ್ನು ಕೇಳಿದಳಂತೆ. “ಇಷ್ಟು ವರ್ಷ ಪೂಜೆ ಮಾಡಿದ ನನಗೇ ಉತ್ತರ ಹೊಳೆಯಲಿಲ್ಲ. ಇಂಥ ಹೊಸಬರಿಗಾಗಿ ಒಂದು ಪದಕೋಶ ಪ್ರಕಟಿಸಿ” ಎಂದು ಬರೆದಿದ್ದಾರೆ.

ಪದಕೋಶ ಹಾಕುವುದು ನಮಗೇನೂ ಕಷ್ಟವಲ್ಲ ಸಾರ್. ಆದರೆ ಅದು ನಿಮ್ಮ ಸೊಸೆಗೆ ಜಾಸ್ತಿ ಉಪಯೋಗಕ್ಕೆ ಬರಲಿಕ್ಕಿಲ್ಲ. “ಅರ್ಘ್ಯ: ಪೂಜ್ಯರಿಗೆ ಅರ್ಪಿಸುವ ಜಲ” ಎಂದು ಓದಿದರೆ ಗೊತ್ತಿಲ್ಲದ ಒಂದು ಪದದ ಜೊತೆ ಇನ್ನೂ ಮೂರು ಗಂಟುಬೀಳುತ್ತವೆ. ಪದಗಳನ್ನು ಅಕಾರಾದಿಯಾಗಿ ಕಲಿಸಬೇಡಿ, ಪೂಜೆ ನಡೆಯುವ ಕ್ರಮದಲ್ಲೇ ಹೇಳಿಕೊಡಿ.

ಷೋಡಶೋಪಚಾರ ಎಂದರೆ ಹದಿನಾರು ಉಪಚಾರ. ಮನೆಗೆ ಬಂದವರಿಗೆ ಮಾಡುವ ಉಪಚಾರವೇ ಇದು. ಬನ್ನಿ ಎಂದು ಕರೆಯುವುದು ಆವಾಹನ, ಕೂರಿಸುವುದು ಆಸನ. ಕಾಲಿಗೆ ನೀರು ಪಾದ್ಯ, ಕೈಗೆ ನೀರು ಅರ್ಘ್ಯ, ಕುಡಿಯಲು ನೀರು ಆಚಮನೀಯ. ಹೊಸಬರಿಗೆ ಗೊಂದಲ ಆಗುವುದು ಇಲ್ಲೇ. ಮೂರಕ್ಕೂ ಅದೇ ಪಂಚಪಾತ್ರೆಯ ಲೋಟ, ಅದೇ ಉದ್ಧರಣೆಯ ಚಮಚ, ನೀರು ಬೀಳುವುದೂ ಅದೇ ತಟ್ಟೆಗೆ. ಪುರೋಹಿತರು ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸಿರುತ್ತಾರೆ. ಆಮೇಲೆ ಸ್ನಾನ, ಬಟ್ಟೆ, ಗಂಧ, ಹೂವು, ಧೂಪ, ದೀಪ, ಊಟ. ಊಟ ಆದ ಮೇಲೆ ಎಲೆಅಡಿಕೆ. ಬಟ್ಟೆಯ ಬದಲು ಹತ್ತಿಯ ಗೆಜ್ಜೆವಸ್ತ್ರ ಏರಿಸುತ್ತೀರಲ್ಲ, ಮುಂದಿನ ಸಲ ಅದನ್ನು ಸೊಸೆಯ ಕೈಯಲ್ಲೇ ಮಾಡಿಸಿ. ಹತ್ತಿ ಎಳೆದು, ಹೊಸೆದು, ನಡುನಡುವೆ ಕುಂಕುಮ ಹಚ್ಚಿದವಳಿಗೆ ‘ವಸ್ತ್ರಂ ಸಮರ್ಪಯಾಮಿ’ ಎಂದಾಗ ಯಾರೂ ಏನೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಂಕಲ್ಪ. ನಾನು ಯಾರು, ಎಲ್ಲಿದ್ದೇನೆ, ಇವತ್ತು ಯಾವ ದಿನ, ಏನು ಮಾಡಲು ಹೊರಟಿದ್ದೇನೆ ಎಂದು ದೇವರ ಮುಂದೆ ಹೇಳಿಕೊಳ್ಳುವ ಮಾತು ಅದು. ಲಕೋಟೆಯ ಮೇಲಿನ ವಿಳಾಸದ ಹಾಗೆ, ಆದರೆ ತಿರುಗುಮುರುಗು: ದೊಡ್ಡದರಿಂದ ಶುರುವಾಗಿ ಚಿಕ್ಕದಕ್ಕೆ ಇಳಿಯುತ್ತದೆ. ಮೊದಲು ಶ್ವೇತವರಾಹ ಕಲ್ಪ. ಒಂದು ಕಲ್ಪಕ್ಕೆ 432 ಕೋಟಿ ವರ್ಷ. ಅದರೊಳಗಿನ 14 ಮನ್ವಂತರಗಳಲ್ಲಿ, ಅಂದರೆ ಒಬ್ಬೊಬ್ಬ ಮನುವಿನ ಕಾಲಗಳಲ್ಲಿ, ಏಳನೆಯದು ವೈವಸ್ವತ. ಅದರಲ್ಲಿ 4,32,000 ವರ್ಷದ ಕಲಿಯುಗ, ಅದರ ಮೊದಲ ಪಾದ, ಅಂದರೆ ಮೊದಲ ಕಾಲುಭಾಗ. ಹೀಗೆ ಇಳಿದು ಇಳಿದು 60 ಸಂವತ್ಸರಗಳಲ್ಲಿ ಒಂದಕ್ಕೆ, ಮಾಸಕ್ಕೆ, ಪಕ್ಷಕ್ಕೆ, ತಿಥಿಗೆ ಬಂದು ನಿಲ್ಲುತ್ತದೆ. 2025ರ ಯುಗಾದಿಗೆ ವಿಶ್ವಾವಸು ಶುರುವಾಯಿತು, 2026ರದಕ್ಕೆ ಪರಾಭವ. ಜಾಗವೂ ಹಾಗೇ. ನಮ್ಮಲ್ಲಿ ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಅನ್ನುತ್ತಾರೆ. ಅಮೆರಿಕದಲ್ಲಿ ಅನೇಕ ಪುರೋಹಿತರು ಪುರಾಣದ ಇನ್ನೊಂದು ದ್ವೀಪದ ಹೆಸರು, ಕ್ರೌಂಚದ್ವೀಪ, ಹೇಳುತ್ತಾರೆ. ಕೆಲವರು ಹತ್ತಿರದ ನದಿಯ ಹೆಸರನ್ನೂ ಸೇರಿಸುತ್ತಾರೆ. ನಿಮ್ಮ ಸೊಸೆಯ ಊರು ಆ ಮಂತ್ರದೊಳಗಿದೆ ಎಂದು ಮೊದಲು ಅವಳಿಗೆ ಹೇಳಿ. ಅವಳು ಖಂಡಿತ ಕಿವಿಗೊಡುತ್ತಾಳೆ.

ಗೋತ್ರದ ವಿಷಯದಲ್ಲಿ ಅವಳಿಗೆ ಮುಜುಗರ ಆಯಿತು ಎಂದಿದ್ದೀರಿ. ಆಗಬೇಕಾದ್ದಿಲ್ಲ. ಯಾವ ಋಷಿಯ ಪೀಳಿಗೆ ಎಂದು ಹೇಳುವ ಹೆಸರು ಗೋತ್ರ. ಮದುವೆಯಾದವಳಿಗೆ ಗಂಡನ ಗೋತ್ರವನ್ನೇ ಹೇಳುವ ರೂಢಿ ಇದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎನ್ನುವುದೂ ಉಂಟು. ಕರ್ನಾಟಕದಲ್ಲೇ ಎಷ್ಟೋ ಮನೆಗಳಲ್ಲಿ ಗೋತ್ರ ಕೇಳಿದರೆ ಬೆಡಗು, ಅಂದರೆ ತಮ್ಮ ಕುಲದ ಹೆಸರು, ಹೇಳುತ್ತಾರೆ, ತುಳುನಾಡಿನಲ್ಲಿ ಬಳಿ ಹೇಳುತ್ತಾರೆ. ನಾವೂ ಎಲ್ಲರೂ ಒಂದೇ ಥರ ಇಲ್ಲ, ಅಲ್ವಾ?

ಧರ್ಮ, ಕರ್ಮ, ಮೋಕ್ಷಕ್ಕೆ ಈಗಲೇ ಕೈ ಹಾಕಬೇಡಿ. ಮೋಕ್ಷ ಅಂದರೇನು ಎಂಬುದರಲ್ಲಿ ಶಂಕರ, ರಾಮಾನುಜ, ಮಧ್ವರೇ ಒಮ್ಮತಕ್ಕೆ ಬಂದಿಲ್ಲ. ನೀವು ಒಂದು ಸಾಲಿನಲ್ಲಿ ಮುಗಿಸಲು ಹೋದರೆ ಸುಮ್ನೆ ಜಗಳ. ಸೊಸೆ ಕನ್ನಡ ಕಲಿಯುತ್ತಿದ್ದಾಳೆ ಎಂದೂ ಬರೆದಿದ್ದೀರಿ. ಹಾಗಿದ್ದರೆ ಒಂದು ಎಚ್ಚರಿಕೆ: “ಆಫೀಸಲ್ಲಿ ನನಗೆ ಇವತ್ತು ಮಂಗಳಾರತಿ ಆಯ್ತು” ಎಂದು ಗಂಡ ಹೇಳಿದರೆ ಪ್ರಸಾದ ಎಲ್ಲಿ ಎಂದು ಕೇಳಬಾರದು ಎಂದು ಮೊದಲೇ ತಿಳಿಸಿಬಿಡಿ.

ಪುರೋಹಿತರಿಗೂ ಒಂದು ಮಾತು ಹೇಳಿ ನೋಡಿ. ಪೂಜೆಗೆ ಅರ್ಧ ಗಂಟೆ ಮುಂಚೆ ಬರಲಿ, ಕಲಶ ಇಡುವಾಗಲೇ ಇದು ಯಾಕೆ, ಅದು ಯಾಕೆ ಎಂದು ಹೇಳುತ್ತಾ ಹೋಗಲಿ. ಕೇಳುವವರಿದ್ದರೆ ಖುಷಿಯಿಂದ ಹೇಳುವವರೇ ಜಾಸ್ತಿ. ನಮ್ಮ ಕಡೆಯಿಂದಲೂ ಇಷ್ಟು ಮಾಡುತ್ತೇವೆ: ಮುಂದಿನ ಸಂಚಿಕೆಯಿಂದ ಹಬ್ಬದ ಲೇಖನಗಳಲ್ಲಿ ಇಂಥ ಪದ ಬಂದರೆ ಅದರ ವಿವರ ಅದೇ ಸಾಲಿನಲ್ಲಿ ಬರುತ್ತದೆ. ಪುಟದ ಕೊನೆಗೆ ಇಳಿಯುವ ಕೆಲಸ ಇರುವುದಿಲ್ಲ.