ಟಾರ್ಚಿನ ಉದಾಹರಣೆ ಬೇಡ, ತಂಬೂರಿ ಇರಲಿ

ಮಾಸ್ತರರೇ, ನಮಸ್ಕಾರ.

ನೀವು ಗದಗಿನಿಂದ ಕಳಿಸಿದ ಅನಿಶ್ಚಿತತೆಯ ತತ್ವದ ಲೇಖನ ಕೈಸೇರಿತು. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ. ಪಿಯುಸಿ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದು ಸಾಲುಸಾಲಲ್ಲೂ ಕಾಣುತ್ತದೆ. ಎಡವಿರುವುದು ಭೌತಶಾಸ್ತ್ರದಲ್ಲಿ. ಅದಕ್ಕೇ ಈ ಉದ್ದದ ಪತ್ರ.

ನೀವು ಶುರು ಮಾಡಿದ್ದು ಹೀಗೆ: ಕತ್ತಲ ಕೋಣೆಯಲ್ಲಿ ಒಂದು ಇಲಿ ಇದೆ. ಎಲ್ಲಿದೆ ಅಂತ ಟಾರ್ಚ್ ಹಾಕಿದರೆ ಓಡಿಬಿಡುತ್ತದೆ. ಎಲೆಕ್ಟ್ರಾನ್ ಕೂಡ ಹಾಗೇ, ಬೆಳಕು ಬಿಟ್ಟು ನೋಡಿದರೆ ಅದರ ಸಂವೇಗ, ಅಂದರೆ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು, ಕೆಡುತ್ತದೆ, ಆದ್ದರಿಂದ ಸ್ಥಾನ, ಸಂವೇಗ ಎರಡೂ ಒಟ್ಟಿಗೆ ಸಿಗುವುದಿಲ್ಲ. ಓದಲು ಸೊಗಸಾಗಿದೆ. ಈ ತತ್ವ ಕೊಟ್ಟ ಹೈಸೆನ್‌ಬರ್ಗ್ ಸ್ವತಃ 1927ರಲ್ಲಿ ಗಾಮಾ ಕಿರಣದ ಸೂಕ್ಷ್ಮದರ್ಶಕವೊಂದನ್ನು ಕಲ್ಪಿಸಿಕೊಂಡು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ವಿವರಿಸಿದ್ದರು. ಆದರೆ ಓದುವವರಿಗೆ ಇದರಿಂದ ಏನು ಅನ್ನಿಸುತ್ತದೆ ನೋಡಿ. ಟಾರ್ಚ್ ಹಾಕುವ ಮುಂಚೆಯೂ ಇಲಿ ಒಂದು ಮೂಲೆಯಲ್ಲಿ ಇದ್ದೇ ಇತ್ತು, ಅದಕ್ಕೊಂದು ವೇಗವೂ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ನಾಳೆ ಇನ್ನೂ ಒಳ್ಳೆಯ ಟಾರ್ಚ್ ಬಂದರೆ ಗೊತ್ತಾದೀತು. ತತ್ವ ಹೇಳುವುದು ಇದನ್ನಲ್ಲ.

ಒಂದೇ ರೀತಿ ತಯಾರು ಮಾಡಿದ ಸಾವಿರಾರು ಎಲೆಕ್ಟ್ರಾನ್‌ಗಳಿವೆ ಅಂದುಕೊಳ್ಳಿ. ಅರ್ಧದಷ್ಟರಲ್ಲಿ ಸ್ಥಾನ ಮಾತ್ರ ಅಳೆಯಿರಿ. ಉಳಿದರ್ಧದಲ್ಲಿ ಸಂವೇಗ ಮಾತ್ರ. ಯಾವ ಎಲೆಕ್ಟ್ರಾನನ್ನೂ ಎರಡು ಸಲ ಅಳೆದಿಲ್ಲ. ಅಂದಮೇಲೆ ಒಂದು ಅಳತೆ ಇನ್ನೊಂದನ್ನು ಕೆಡಿಸುವ ಮಾತೇ ಇಲ್ಲ, ಅಲ್ವಾ? ಆದರೂ ಸ್ಥಾನದ ಅಂಕಿಗಳು ಒಂದಿಷ್ಟು ಹರಡಿರುತ್ತವೆ, ಸಂವೇಗದ ಅಂಕಿಗಳೂ ಒಂದಿಷ್ಟು ಹರಡಿರುತ್ತವೆ. ಈ ಎರಡು ಹರವುಗಳನ್ನು ಗುಣಿಸಿದರೆ, ಪ್ಲಾಂಕ್ ಸ್ಥಿರಾಂಕ ಎಂಬ ಅತಿ ಚಿಕ್ಕ, ಬದಲಾಗದ ಸಂಖ್ಯೆಯನ್ನು 4 ಪೈನಿಂದ ಭಾಗಿಸಿದಾಗ ಸಿಗುವ ಸಂಖ್ಯೆಗಿಂತ ಕಡಿಮೆ ಎಂದೂ ಬರುವುದಿಲ್ಲ. ಭೌತವಿಜ್ಞಾನಿ ಅರ್ಲ್ ಕೆನಾರ್ಡ್ ಅದೇ 1927ರಲ್ಲಿ ಇದನ್ನು ಗಣಿತದಿಂದ ತೋರಿಸಿದರು. ಅವರ ಲೆಕ್ಕದಲ್ಲಿ ಬೆಳಕೂ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲ. ಇರುವುದು ತರಂಗ ಫಲನ, ಅಂದರೆ ಎಲೆಕ್ಟ್ರಾನಿನ ಸ್ಥಿತಿಯನ್ನು ಅಲೆಯ ರೂಪದಲ್ಲಿ ಹೇಳುವ ಗಣಿತ.

ಆ ತರಂಗ ಫಲನ ನಿಮ್ಮಲ್ಲಿ ಬರುವುದು ಕೊನೆಯ ಪುಟದಲ್ಲಿ, ಅದೂ ನಾಲ್ಕೇ ಸಾಲು. ನನ್ನ ದೊಡ್ಡ ತಕರಾರು ಇದೇ. ಅದನ್ನು ಮೊದಲಿಗೆ ತನ್ನಿ. ಅನಿಶ್ಚಿತತೆ ಅದರ ಹೊಟ್ಟೆಯಲ್ಲೇ ಹುಟ್ಟಲಿ.

ಇದಕ್ಕೆ ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಸಂಜೆ ಹೊತ್ತು ಮಕ್ಕಳಿಗೆ ಹಾಡು ಹೇಳಿಕೊಡುತ್ತೀರಿ ಅಂತ ಬರೆದಿದ್ದೀರಲ್ಲ, ತಂಬೂರಿಯ ಜೋಡಿ ತಂತಿ ಶ್ರುತಿ ಮಾಡುವುದನ್ನು ನೆನೆಸಿಕೊಳ್ಳಿ. ಎರಡೂ ಷಡ್ಜಕ್ಕೆ ಕೂಡಬೇಕು. ಕೂಡದಿದ್ದರೆ ನಾದ ಏರಿ ಇಳಿದಂತೆ ಕೇಳುತ್ತದೆ. ಎರಡು ತಂತಿಗಳ ನಡುವೆ ಸೆಕೆಂಡಿಗೆ ಒಂದು ಕಂಪನದ ಫರಕು ಇದ್ದರೆ, ಒಂದು ಏರಿಳಿತ ಮುಗಿಯಲು ಒಂದು ಸೆಕೆಂಡು ಬೇಕು. ಫರಕು ಅರ್ಧ ಕಂಪನ ಆದರೆ ಎರಡು ಸೆಕೆಂಡು. ಶ್ರುತಿ ಸೂಕ್ಷ್ಮವಾದಷ್ಟೂ ನಾದ ಜಾಸ್ತಿ ಹೊತ್ತು ನಿಲ್ಲಬೇಕು. ಈಗ ಅದೇ ತಂತಿ ಮೀಟಿ, ತಕ್ಷಣ ಬೆರಳಿಟ್ಟು ಒತ್ತಿ. ‘ಟಕ್’ ಅಂತ ಒಂದು ಸದ್ದು. ಯಾವ ಕ್ಷಣದಲ್ಲಿ ಆಯಿತು ಅಂತ ಕರಾರುವಾಕ್ಕಾಗಿ ಹೇಳಬಹುದು. ಯಾವ ಸ್ವರ ಅಂತ ಹೇಳಲು ನಿಮ್ಮಂಥ ಪಳಗಿದ ಕಿವಿಗೂ ಬರುವುದಿಲ್ಲ. ಕಿವಿಯದು ತಪ್ಪಲ್ಲ. ಅಷ್ಟು ಗಿಡ್ಡ ಸದ್ದಿನಲ್ಲಿ ಒಂದೇ ಸ್ವರ ಇರುವುದೇ ಇಲ್ಲ. ಬೇರೆ ಬೇರೆ ಸ್ವರದ ನೂರಾರು ಕಂಪನಗಳು ಕೂಡಿದರೇ ಅಂಥ ಸದ್ದು ಆಗುವುದು.

ಎಲೆಕ್ಟ್ರಾನಿನ ಗಣಿತವೂ ಇದೇ. 1924ರಲ್ಲಿ ಲೂಯಿ ಡಿ ಬ್ರಾಗ್ಲಿ ಸಂವೇಗಕ್ಕೂ ತರಂಗದೂರಕ್ಕೂ, ಅಂದರೆ ಅಲೆಯ ಒಂದು ಏರಿನಿಂದ ಮುಂದಿನ ಏರಿಗಿರುವ ದೂರಕ್ಕೂ, ಗಂಟು ಹಾಕಿದರು. ಸಂವೇಗ ಖಚಿತವಾಗಿದೆ ಅಂದರೆ ತರಂಗದೂರ ಒಂದೇ, ಅಂಥ ತರಂಗ ಫಲನ ಮೀಟಿ ಬಿಟ್ಟ ತಂತಿಯ ನಾದದ ಹಾಗೆ ಉದ್ದಕ್ಕೂ ಹರಡಿರಬೇಕು. ಸ್ಥಾನ ಖಚಿತ ಆಗಬೇಕಾದರೆ ಬೇರೆ ಬೇರೆ ತರಂಗದೂರದ ಅಲೆಗಳು ಒಂದು ಕಡೆ ಕೂಡಿ, ಉಳಿದ ಕಡೆ ಒಂದನ್ನೊಂದು ಅಳಿಸಬೇಕು. ಬೇರೆ ಬೇರೆ ತರಂಗದೂರ ಅಂದರೆ ಬೇರೆ ಬೇರೆ ಸಂವೇಗ. ಅಲ್ಲಿಗೆ ತತ್ವ ಬಂದೇಬಿಟ್ಟಿತು. ಈ ಭಾಗಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

ಇನ್ನೊಂದು ಕಡೆ ‘ಎಲೆಕ್ಟ್ರಾನ್ ಮೋಡದಂತೆ ಹರಡಿಹೋಗಿರುತ್ತದೆ’ ಎಂದಿದ್ದೀರಿ. ಹರಡಿರುವುದು ತರಂಗ ಫಲನ. ಎಲೆಕ್ಟ್ರಾನ್ ಪರದೆಗೆ ಬಡಿದಾಗ ಬೀಳುವುದು ಒಂದೇ ಚುಕ್ಕೆ, ಇಡಿಯಾಗಿ. ಜಪಾನಿನ ಹಿಟಾಚಿ ಪ್ರಯೋಗಾಲಯದಲ್ಲಿ ಅಕಿರಾ ತೊನೊಮುರಾ ಅವರ ತಂಡ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿಯೇ ಕಳಿಸಿ, 1989ರಲ್ಲಿ ಅದರ ಚಿತ್ರಗಳನ್ನು ಪ್ರಕಟಿಸಿತು. ಮೊದಮೊದಲು ಚುಕ್ಕೆಗಳು ಎಲ್ಲೆಂದರಲ್ಲಿ. ಸಾವಿರಾರು ಸೇರಿದಮೇಲೆ ಪಟ್ಟೆ ಪಟ್ಟೆ. ತರಂಗ ಫಲನದ ಪರಿಮಾಣದ ವರ್ಗ ಎಲ್ಲಿ ಜಾಸ್ತಿಯೋ ಅಲ್ಲಿ ಚುಕ್ಕೆಗಳೂ ಜಾಸ್ತಿ. ಈ ಅರ್ಥ ಕೊಟ್ಟವರು ಮ್ಯಾಕ್ಸ್ ಬಾರ್ನ್, ಶ್ರೋಡಿಂಗರ್ ತಮ್ಮ ತರಂಗ ಫಲನದ ಸಮೀಕರಣ ಪ್ರಕಟಿಸಿದ 1926ರಲ್ಲೇ. ವರ್ಗ ತೆಗೆದುಕೊಳ್ಳಬೇಕು ಎಂಬ ಮಾತು ಅವರ ಪ್ರಬಂಧದಲ್ಲಿ ಇರುವುದು ಪ್ರೂಫ್ ತಿದ್ದುವಾಗ ಸೇರಿಸಿದ ಅಡಿಟಿಪ್ಪಣಿಯಲ್ಲಿ. ದಿನಾ ಪ್ರೂಫ್ ನೋಡುವ ನನಗೆ ಈ ಸಂಗತಿ ಬಹಳ ಇಷ್ಟ. ಇದೇ ಬಾರ್ನ್ ಸಿ.ವಿ. ರಾಮನ್ ಕರೆದರೆಂದು 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಒಂದು ಸಾಲಿನಲ್ಲಾದರೂ ಇದನ್ನು ಹೇಳಿ, ಓದುಗರಿಗೆ ಖುಷಿಯಾಗುತ್ತದೆ.

‘ಹೀಗಾಗಿ ಮನುಷ್ಯನ ಬದುಕೂ ಅನಿಶ್ಚಿತ’ ಎಂಬ ಕೊನೆಯ ಭಾಗವನ್ನು ಪೂರ್ತಿ ತೆಗೆಯಿರಿ. ಆ ಜಾಗದಲ್ಲಿ ಎರಡು ಲೆಕ್ಕ ಹಾಕಿ. ಎಲೆಕ್ಟ್ರಾನನ್ನು ಒಂದು ಪರಮಾಣುವಿನಷ್ಟು ಜಾಗದಲ್ಲಿ, ಅಂದರೆ ಮೀಟರಿನ ಸಾವಿರ ಕೋಟಿಯ ಒಂದು ಭಾಗದಲ್ಲಿ ಹಿಡಿದಿಟ್ಟರೆ, ಅದರ ವೇಗದ ಹರವು ಸೆಕೆಂಡಿಗೆ ಕನಿಷ್ಠ 580 ಕಿಲೋಮೀಟರ್ ಆಗುತ್ತದೆ. ಒಂದೇ ಸೆಕೆಂಡಿನಲ್ಲಿ ಹುಬ್ಬಳ್ಳಿ-ಧಾರವಾಡ ಹದಿನಾಲ್ಕು ಸಲ ಹೋಗಿಬಂದಷ್ಟು. ಇನ್ನು 30 ಮಿಲಿಗ್ರಾಂ ತೂಕದ ಒಂದು ಜೋಳದ ಕಾಳು ತೆಗೆದುಕೊಳ್ಳಿ. ಅದರ ಸ್ಥಾನವನ್ನು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಖಚಿತ ಮಾಡಿ. ಆಗ ಈ ತತ್ವ ಒತ್ತಾಯಿಸುವ ಕನಿಷ್ಠ ವೇಗದ ಹರವು ಎಷ್ಟು ಚಿಕ್ಕದೆಂದರೆ, ವಿಶ್ವದ ಇಷ್ಟೂ ವಯಸ್ಸು, ಸುಮಾರು 1380 ಕೋಟಿ ವರ್ಷ, ಕಳೆದರೂ ಅಷ್ಟರಿಂದ ಕಾಳು ಮಿಲಿಮೀಟರಿನ ಸಾವಿರದ ಒಂದು ಭಾಗವೂ ಸರಿಯುವುದಿಲ್ಲ. ನಾವು ಹೊಲದಲ್ಲಿ, ಸಂತೆಯಲ್ಲಿ ಈ ತತ್ವವನ್ನು ಯಾಕೆ ಕಾಣುವುದಿಲ್ಲ ಅಂತ ಓದುಗರಿಗೆ ಇದರಿಂದ ತಾನಾಗಿ ತಿಳಿಯುತ್ತದೆ. ಈ ಲೆಕ್ಕವನ್ನು ನೀವೂ ಒಮ್ಮೆ ಹಾಕಿ ತಾಳೆ ನೋಡಿ, ಆಮೇಲೆ ಬರೆಯಿರಿ.

ದೀಪಾವಳಿ ಸಂಚಿಕೆಗೆ ಇದು ಬೇಕೇ ಬೇಕು ಅಂತ ನನ್ನ ಆಸೆ. ಉದ್ದನೆಯ ನಾದ ಮತ್ತು ‘ಟಕ್’ ಸದ್ದು, ಇವೆರಡರ ಅಲೆಗಳ ಚಿತ್ರವನ್ನು ಕೈಯಿಂದಲೇ ಬರೆದು ಜೊತೆಗಿಡಿ. ಓರೆಕೋರೆ ಆದರೂ ಚಿಂತೆಯಿಲ್ಲ, ನಮ್ಮಲ್ಲಿ ತಿದ್ದಿಸಿ ಹಾಕುತ್ತೇವೆ.

ನಿಮ್ಮವ,
ಸಂಪಾದಕ
ಧಾರವಾಡ