ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ

ನಮಸ್ಕಾರ,

ಸೋಮವಾರಪೇಟೆಯಿಂದ ನೀವು ಕಳಿಸಿದ 'ಕಂಪ್ಯೂಟರ್ ತಂದ ಸಮೃದ್ಧಿ' ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾ ನನ್ನನ್ನು ಸುಮ್ನೆ ಬಿಡಲಿಲ್ಲ.

"ಕಂಪ್ಯೂಟರ್ ಬಂದ ಮೇಲೆ ಉತ್ಪಾದಕತೆ ಎಷ್ಟೋ ಪಟ್ಟು ಹೆಚ್ಚಿದ್ದು ಎಲ್ಲರಿಗೂ ಗೊತ್ತೇ ಇದೆ" ಎನ್ನುತ್ತೀರಿ. ಯಾರಿಗೆ ಗೊತ್ತು? ಉತ್ಪಾದಕತೆ ಅಂದರೆ ಒಟ್ಟು ಫಲ ಅಲ್ಲ, ಒಬ್ಬರ ಒಂದು ಗಂಟೆಯ ದುಡಿಮೆಗೆ ಅಥವಾ ಒಂದು ಎಕರೆಗೆ ಸಿಗುವ ಫಲ. 1987ರಲ್ಲಿ, ನೊಬೆಲ್ ಬಂದ ವರ್ಷವೇ, ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಬರೆದದ್ದು ಇದಕ್ಕೆ ತದ್ವಿರುದ್ಧ: ಕಂಪ್ಯೂಟರ್ ಎಲ್ಲೆಲ್ಲೂ ಕಾಣುತ್ತದೆ, ಉತ್ಪಾದಕತೆಯ ಲೆಕ್ಕದಲ್ಲಿ ಮಾತ್ರ ಕಾಣುವುದಿಲ್ಲ. ಅಮೆರಿಕದಲ್ಲಿ 1995ರ ನಂತರ ಸುಮಾರು ಹತ್ತು ವರ್ಷ ಉತ್ಪಾದಕತೆ ವೇಗವಾಗಿ ಏರಿತು, ವರ್ಷಕ್ಕೆ ಹತ್ತಿರ ಹತ್ತಿರ ಶೇ. 3ರಂತೆ. ಆಮೇಲೆ ಆ ವೇಗ ಅರ್ಧಕ್ಕೆ ಬಿತ್ತು. ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬಂದದ್ದು ಆ ಬಿದ್ದ ವರ್ಷಗಳಲ್ಲೇ ಅಲ್ವಾ?

ಮುಂದಿನ ಸಾಲು: "ಹೀಗಾಗಿ ಉತ್ಪಾದನೆ ಏರಿತು." ಇಲ್ಲಿ ನನಗೆ ಸಿಟ್ಟೇ ಬಂತು. ಹತ್ತು ಜನ ಕೊಯ್ಯುವ ತೋಟಕ್ಕೆ ಇಪ್ಪತ್ತು ಜನ ಬಂದರೆ ಕಣಕ್ಕೆ ಬೀಳುವ ಹಣ್ಣು ಜಾಸ್ತಿಯಾಗುತ್ತದೆ. ಒಬ್ಬೊಬ್ಬರ ಕೊಯ್ಲು ಮೊದಲಿನಷ್ಟೇ ಇರಬಹುದು. ಹೆಚ್ಚಿದ್ದು ಉತ್ಪಾದನೆ, ಉತ್ಪಾದಕತೆ ಅಲ್ಲ.

ಮಡಿಕೇರಿಯಲ್ಲಿ ಕೆಲಸ ಕಲಿಯುವಾಗ ನಾನೂ ಇದನ್ನೇ ಮಾಡಿದ್ದೆ. ಒಂದು ತೋಟದ "ಕಾಫಿ ಇಳುವರಿ ಏರಿದೆ" ಎಂದು ಬರೆದುಕೊಂಡು ಹೋದೆ. "ಎಕರೆಗೆ ಎಷ್ಟು?" ಎಂದರು ಹಿರಿಯರು. ನನ್ನ ಹತ್ತಿರ ಇದ್ದದ್ದು ಒಟ್ಟು ಮೂಟೆಯ ಲೆಕ್ಕ. ಮಾರನೇ ದಿನ ಮತ್ತೆ ಬಸ್ಸು ಹತ್ತಿ ಹೋಗಿ ಕೇಳಿದೆ. ಪಕ್ಕದ ಗುಡ್ಡದಲ್ಲಿ ಹಾಕಿದ್ದ ಹೊಸ ಗಿಡ ಆ ವರ್ಷ ಫಸಲಿಗೆ ಬಂದಿತ್ತು, ಅಷ್ಟೇ.

ನಿಮ್ಮ ಲೇಖನದ ಜೀವ ಕೊನೆಯ ಪುಟದಲ್ಲಿದೆ. ನೀವು ಎರಡೇ ಸಾಲಿನಲ್ಲಿ ಅದನ್ನು ದಾಟಿಬಿಟ್ಟಿದ್ದೀರಿ. ನೀವು ನೋಡಿಬಂದ ತೋಟದಲ್ಲಿ ಸಂಜೆ ಹಣ್ಣು ತೂಗುವಾಗ, ಲೆಕ್ಕ ಬರೆಯುವ ರೈಟರ್ ಮೊಬೈಲ್‌ನಲ್ಲಿ ಕಿಲೋ ಹಾಕಿಕೊಳ್ಳುತ್ತಾರೆ. ರಾತ್ರಿ ಕೂತು ಅದನ್ನೇ ಹಳೇ ಪುಸ್ತಕಕ್ಕೆ ಇಳಿಸುತ್ತಾರೆ, ಸಾಹುಕಾರರಿಗೆ ಪುಸ್ತಕವೇ ಬೇಕು ಅಂತ. ಒಂದು ಕೆಲಸ ಎರಡಾಯಿತು! ಕಾರ್ಖಾನೆಗೆ ಕರೆಂಟ್ ಬಂದಾಗಲೂ ಹೀಗೇ ಆಗಿತ್ತು. ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾದದ್ದು 1882ರಲ್ಲಿ. ಆದರೆ ಉಗಿಯಂತ್ರದ ಜಾಗಕ್ಕೆ ದೊಡ್ಡ ಮೋಟಾರ್ ಕೂರಿಸಿ, ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತಿರುಗಿಸುವ ಉದ್ದನೆಯ ಶಾಫ್ಟು, ಬೆಲ್ಟುಗಳನ್ನು ಹಾಗೇ ಬಿಟ್ಟರು. ಯಂತ್ರಕ್ಕೊಂದು ಮೋಟಾರ್ ಬಂದು, ಕಟ್ಟಡದ ರೀತಿಯೇ ಬದಲಾದ ಮೇಲೆ, 1920ರ ದಶಕದಲ್ಲಿ ಫಲ ಕಂಡಿತು. ಕಂಪ್ಯೂಟರಿನದೂ ಇದೇ ಕಥೆ ಎಂದು ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲೇ ಹೇಳಿದ್ದರು.

ಮತ್ತೆ ಆ ತೋಟಕ್ಕೆ ಹೋಗಿ. ಮೊಬೈಲ್ ಬರುವ ಮೊದಲು ಲೆಕ್ಕ ಬರೆಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ರೈಟರನ್ನು ಕೇಳಿ. ಈಗ ಎಷ್ಟು ಹಿಡಿಯುತ್ತದೆ ಎಂದು ಪಕ್ಕದಲ್ಲೇ ಕೂತು ಗಡಿಯಾರ ನೋಡಿ ಬರೆದುಕೊಳ್ಳಿ. ಕೊಯ್ಲು ಮುಗಿಯುವುದರೊಳಗೆ ಹೋಗಿಬನ್ನಿ.